ಮಳೆಗೆ ಸಿಕ್ಕಿದ ಹಾರಕ

ಅವ್ವನಿಗೆ ಸಕ್ಕರೆ ಕಾಯಿಲೆ. ಅಕ್ಕಿ ಕಡಿಮೆ ಮಾಡಿ ಸಿರಿಧಾನ್ಯ ಕೊಡಿ ಎಂದು ಡಾಕ್ಟರು ಹೇಳಿದ್ದರಿಂದ ಮಾಗಡಿ ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಹೋದೆ. ನವಣೆ, ಸಾಮೆ, ಊದಲು, ಹಾರಕ, ನಾಲ್ಕು ಚೀಲ ಬಾಯಿ ಬಿಚ್ಚಿಕೊಂಡಿದ್ದವು. ಯಾವುದು ಒಳ್ಳೆಯದೆಂದು ಕೇಳಿದೆ.

“ಎಲ್ಲಾ ಒಂದೇ ಕಣಕ್ಕ. ಆರಕ ಮಾತ್ರ ಒಸ ಮಾಲು, ನಿನ್ನೆ ಬಂದೈತೆ,” ಎಂದ ಅಂಗಡಿಯವನು.

ಹೊಸದೆಂಬ ಒಂದೇ ಮಾತಿಗೆ ಹಾರಕ ತೂಗಿಸಿಕೊಂಡೆ. ಸೊಪ್ಪು ಆರಿಸುವ ಹಾಗೆ ಕಾಳು ಆರಿಸಿದ್ದೆ.

ಅವ್ವ ತಿಪ್ಪಸಂದ್ರದ ಕಡೆ ಹೊಲದಲ್ಲಿ ಹಾರಕ ಬೆಳೆದವಳು. ಒಂದು ಹಿಡಿ ತೆಗೆದು ಅಂಗೈಯಲ್ಲಿ ತಿಕ್ಕಿ ಮೂಸಿದಳು.

“ಕುಯ್ಲಲ್ಲಿ ಮಳೆಗೆ ಸಿಕ್ಕಿತ್ತಾ ಅಂತ ಕೇಳುದ್ಯಾ? ನೆಂದ ಆರಕ ಮತ್ತು ಬರುಸ್ತದೆ ಕಣವ್ವ. ಅಂತದ್ನ ನಾವು ಎತ್ತಿಗೂ ಇಕ್ತಿರ್ಲಿಲ್ಲ. ಓಗು, ನವಣೆ ತಕೊಂಬಾ.”

“ಸುಮ್ನಿರವ್ವ, ಮತ್ತು ಬರಕೆ ಅದೇನು ಹೆಂಡಾನಾ?” ಎಂದು ನಕ್ಕೆ. ಆ ಮಾತು ನನ್ನದೇ. ಅದನ್ನು ಮರೆಮಾಚಿ ಬರೆಯಲಾರೆ.

ಮಧ್ಯಾಹ್ನ ಅದೇ ಹಾರಕ ಬೇಯಿಸಿ ಅವ್ವನಿಗೆ ಬಡಿಸಿದೆ. ನಾನು ರಾಗಿ ಮುದ್ದೆ ಉಂಡೆ. ಮಗಳು ಮಾಡಿದ್ದೆಂದು ಅವ್ವ ತಟ್ಟೆ ಬರಿದು ಮಾಡಿದಳು. ಸ್ವಲ್ಪ ಹೊತ್ತಿಗೆ ಅವಳ ಕೈಯಿಂದ ನೀರಿನ ಲೋಟ ಜಾರಿತು. ಕೈ ನಡುಗುತ್ತಿತ್ತು. ಏಳಲು ಹೋಗಿ ಗೋಡೆಗೆ ವಾಲಿದಳು, ವಾಂತಿ ಮಾಡಿಕೊಂಡಳು. ನನ್ನ ಮುಖ ನೋಡಿ, ತೊದಲುತ್ತಾ, “ಯಾರವ್ವ ನೀನು?” ಎಂದಳು.

ಆಸ್ಪತ್ರೆಯಲ್ಲಿ ಮೊದಲು ಸಕ್ಕರೆ ಪರೀಕ್ಷಿಸಿದರು. ಅದು ಸರಿಯಾಗಿಯೇ ಇತ್ತು. ಏನು ತಿಂದರೆಂದು ಕೇಳಿದರು. ಹೇಳಿದೆ. ಬೂಸ್ಟು ಹಿಡಿದ ಹಾರಕ ಹೀಗೆ ಮಾಡುತ್ತದೆ ಎಂದರು. ಮರುದಿನ ಬೆಳಿಗ್ಗೆ ಅವ್ವ ನನ್ನನ್ನು ಹೆಸರು ಹಿಡಿದು ಕರೆದಳು.

ಉಳಿದ ಕಾಳು ಹಿಡಿದು ನೇರ ಅಂಗಡಿಗೆ ಹೋದೆ. ಮಳೆಗೆ ಸಿಕ್ಕಿದ ಮಾಲಾ ಎಂದೆ.

“ಒಸಿ ನೆಂದಿತ್ತಂತೆ. ಒಣಗ್ಸವ್ರೆ ಬುಡಕ್ಕ. ಬೇರೆ ಯಾರೂ ಏನೂ ಅಂದಿಲ್ವಲ್ಲ? ನಿಮ್ಮವ್ವಂಗೆ ವಯಸ್ಸಾಗೈತೆ.”

ಗೊತ್ತಿತ್ತು! ಗೊತ್ತಿದ್ದೇ ಹೊಸ ಮಾಲು ಎಂದಿದ್ದ. ಅವನು ಹಾರಕದ ಚೀಲ ಎತ್ತುವವರೆಗೂ ಅಲ್ಲಿಂದ ಕದಲಲಿಲ್ಲ. ಗೊಣಗುತ್ತಾ ಒಳಗೆ ಒಯ್ದ.

ಎರಡು ದಿನ ಬಿಟ್ಟು ಮತ್ತೆ ಹೋದೆ. ಒಳಗೆ ಇಣುಕಿದೆ, ಆ ಚೀಲ ಇರಲಿಲ್ಲ. ಮುಂದೆ ಅದು ಮೊದಲಿದ್ದ ಜಾಗದಲ್ಲಿ ಹಿಟ್ಟಿನ ಪೊಟ್ಟಣಗಳನ್ನು ಜೋಡಿಸಿದ್ದ.

“ಇದ್ರಲ್ಲಿ ಏನೇನು ಬೀಸಿದ್ದೀಯಾ?”

“ಎಲ್ಲಾ ಸೇರೈತೆ ಕಣಕ್ಕ. ಮಕ್ಕಳ ಗಂಜಿಗೆ ಬೋ ಚೆನ್ನಾಗಿರ್ತದೆ.”

ಆ ಹಾರಕ ಬೀಸಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಕಂಡಿದ್ದಿಷ್ಟೇ: ಚೀಲ ಇಲ್ಲ, ಹಿಟ್ಟಿದೆ. ಒಂದು ಪೊಟ್ಟಣ ತೆಗೆದುಕೊಂಡು ಬಿಲ್ಲು ಕೇಳಿದೆ.

“ಇಷ್ಟಕ್ಕೆ ಬಿಲ್ಲು ಯಾಕಕ್ಕ?”

“ಆಹಾರ ಇಲಾಖೆಯೋರು ಕೇಳ್ತಾರೆ. ಹಿಟ್ಟನ್ನ ಪರೀಕ್ಷೆಗೆ ಕೊಡ್ತೀನಿ.”

ಬಿಲ್ ಪುಸ್ತಕದ ಮೇಲಿಟ್ಟ ಅವನ ಕೈ ಅಲ್ಲೇ ನಿಂತಿತು. ನಾನೂ ನಿಂತೇ ಇದ್ದೆ, ಅವನು ಬರೆದು ಕೊಡುವ ತನಕ.