ಗಾಡಿ ತಿರುವು ದಾಟುವ ತನಕ

ರಾಗಿ ತುಂಬಿದ ಡಬ್ಬಕ್ಕೆ ಮೊಣಕೈವರೆಗೆ ಕೈ ಹಾಕಿ ನೋಡಿದ್ದೀರಾ? ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ತಣ್ಣಗಿರುತ್ತದೆ. ಕಾಳು ಬೆರಳ ಸಂದಿಯಲ್ಲಿ ನುಸುಳುತ್ತಾ ಕೈಯನ್ನು ಮೆಲ್ಲಗೆ ಒಳಗೆಳೆದುಕೊಳ್ಳುತ್ತದೆ. ಮಣ್ಣಿನದೋ ಹೊಟ್ಟಿನದೋ, ಒಂದು ಒಣ ವಾಸನೆ ಮೇಲಕ್ಕೆ ಏಳುತ್ತದೆ. ಆ ವಾಸನೆ ಬಂದರೆ ಎಲ್ಲರಿಗೂ ಮುದ್ದೆ ನೆನಪಾಗಬೇಕು, ನನಗೆ ಸಿನಿಮಾ ನೆನಪಾಗುತ್ತದೆ. ನಗಬೇಡಿ. ಎಪ್ಪತ್ತರ ದಶಕದಲ್ಲಿ ನಮ್ಮಪ್ಪ ಅಜ್ಜಂಪುರದ ಟೂರಿಂಗ್ ಟಾಕೀಸಿನ ಆಪರೇಟರ್ ಆಗಿದ್ದರು. ಸಿನಿಮಾ ಮೆಷೀನಿನಲ್ಲಿ ಹೆಬ್ಬೆಟ್ಟಿನಷ್ಟು ದಪ್ಪದ ಒಂದು ಬಲ್ಬು ಇರುತ್ತಿತ್ತು. ರೀಲಿನ ಅಂಚಿನಲ್ಲಿರುವ ಗೆರೆಗಳ ಮೇಲೆ ಅದರ ಬೆಳಕು ಬಿದ್ದರೆ ಮಾತು, ಹಾಡು ಎಲ್ಲ. ಅದು ಹೋಯಿತೋ, ತೆರೆಯ ಮೇಲೆ ಜನ ಸುಮ್ಮನೆ ಬಾಯಿ ಆಡಿಸುತ್ತಾರೆ, ಅಷ್ಟೆ. ಇನ್ನೊಂದು ಬಲ್ಬನ್ನು ಮೆಷೀನಿರುವ ಕ್ಯಾಬಿನ್ನಿನಲ್ಲೇ ಇಟ್ಟುಕೊಳ್ಳೋಣವೆಂದರೆ ಜನರೇಟರಿನ ಅದುರಾಟಕ್ಕೆ ಒಳಗಿನ ತಂತಿ ಕಡಿದುಹೋಗುತ್ತಿತ್ತು. ಎರಡು ಸಲ ಹಾಗಾದ ಮೇಲೆ ಅಮ್ಮನೇ ಉಪಾಯ ಮಾಡಿದಳು. ಬಲ್ಬನ್ನು ಹತ್ತಿಯಲ್ಲಿ ಸುತ್ತಿ ರಾಗಿ ಡಬ್ಬದೊಳಗೆ ಹೂತಿಟ್ಟಳು. “ಇಲ್ಲಿದ್ರೆ ಭೂಮಿ ನಡುಗಿದ್ರೂ ಏನೂ ಆಗಲ್ಲ” ಎಂದಳು. ಅಪ್ಪನಿಗೂ ಅದು ಸರಿ ಕಂಡಿತು. ಬೇಕೆಂದಾಗ ಮನೆಗೆ ಓಡಿಬರಬೇಕಲ್ಲ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ಅಂಥ ಜಾಣರು ನಾವು.

ಮನೆಯೇನು ದೂರವಿರಲಿಲ್ಲ. ಟೆಂಟಿನ ಹಿಂದಿನ ಬಯಲು ದಾಟಿದರೆ ಎರಡು ಅಂಕಣದ ಹೆಂಚಿನ ಮನೆ. ಅದು ಟೆಂಟಿನ ಮಾಲೀಕರದು. ಅಪ್ಪನಿಗೆ ಕೆಲಸ ಇರುವ ತನಕ ನಮಗೆ ಸೂರು. ಆ ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮತ್ತೆ ಅಪ್ಪನ ತಂಗಿ ಗೌರತ್ತೆ. ಗೌರತ್ತೆಯ ಗಂಡ ಲಕ್ಕವಳ್ಳಿಯ ಅಣೆಕಟ್ಟಿನ ಕಡೆ ಕೆಲಸದಲ್ಲಿದ್ದವರು, ಒಂದೇ ವಾರದ ಜ್ವರದಲ್ಲಿ ತೀರಿಕೊಂಡರು. ಅದಕ್ಕೆ ಮೊದಲು ನಮ್ಮ ಸುತ್ತಿನಲ್ಲಿ ಯಾವ ಮದುವೆ ಇರಲಿ, ಸೋಬಾನೆ ಹೇಳಲು ಗೌರತ್ತೆಯೇ ಆಗಬೇಕಿತ್ತಂತೆ. ಹೆಣ್ಣು ಒಪ್ಪಿಸುವ ಹಾಡನ್ನು ಅವಳು ಎತ್ತಿದರೆ ಗಂಡಿನ ಕಡೆಯವರೂ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಗಂಡ ಹೋದ ಮೇಲೆ ಎಲ್ಲ ಮುಗಿಯಿತು. ಮದುವೆ ಮನೆಯಲ್ಲಿ ಅವಳ ಜಾಗ ಹಿತ್ತಲು, ಅವಳ ಕೆಲಸ ಎಲೆ ತೊಳೆಯುವುದು. ಬಾಯಿ ತೆರೆಯಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿತ್ತೋ ನನಗೆ ಗೊತ್ತಿಲ್ಲ, ಅಪ್ಪ ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. “ಜನ ಆಡ್ಕೊಳೋ ಹಂಗೆ ಮಾಡ್ಬ್ಯಾಡ ಗೌರಾ.” ಅವಳು ಹಾಡುತ್ತಿದ್ದದ್ದು ಬೆಳಗಿನ ಜಾವ ರಾಗಿ ಬೀಸುವಾಗ ಮಾತ್ರ, ಅದೂ ಕಲ್ಲಿನ ಸದ್ದಿನ ಕೆಳಗೆ ಅಡಗುವಷ್ಟು ಸಣ್ಣಗೆ. ನಾನು ಕಂಬಳಿಯೊಳಗೆ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದೆ. ಎದ್ದಿದ್ದೇನೆಂದು ತಿಳಿದರೆ ಅವಳು ನಿಲ್ಲಿಸಿಬಿಡುತ್ತಿದ್ದಳು.

ನನಗೆ ಹತ್ತು ವರ್ಷವಾಗಿದ್ದ ಬೇಸಿಗೆಯಲ್ಲಿ ಟೆಂಟಿಗೆ ಒಂದು ಸಿನಿಮಾ ಬಂತು. ರೀಲಿನ ಡಬ್ಬಿಗಳು ಬೀರೂರಿನಿಂದ ರೈಲಿನಲ್ಲಿ ಬಂದಿಳಿದವು. ತವರು ಬಿಟ್ಟು ಹೋಗುವ ಹೆಣ್ಣಿನ ಕಥೆ. ನಡುವೆ ಒಂದು ಸೀನು ಇತ್ತು. ಮಗಳನ್ನು ಎತ್ತಿನ ಗಾಡಿ ಹತ್ತಿಸುತ್ತಾರೆ, ತಾಯಿ ಬಾಗಿಲಲ್ಲಿ ನಿಲ್ಲುತ್ತಾಳೆ, ಗಾಡಿ ಹೊರಟು ದೂರದ ತಿರುವಿನಲ್ಲಿ ಮರೆಯಾಗುತ್ತದೆ. ಮಾತೇ ಇಲ್ಲ, ಉದ್ದಕ್ಕೂ ಹಾಡು. ಆ ಹಾಡಿಗೆಂದೇ ಜನ ಎರಡೆರಡು ಸಲ ಬರುತ್ತಿದ್ದರು. ಅದೇ ವಾರ ಮಾಲೀಕರ ಮಗಳ ಮದುವೆಯ ಮಾತು ಮುಗಿದು, ತರೀಕೆರೆಯ ಬೀಗರು ಬಂದಿದ್ದರು. ಮಾಲೀಕರಿಗೆ ತಮ್ಮ ಟೆಂಟು ತೋರಿಸುವ ಹುಮ್ಮಸ್ಸು. ಮೊದಲ ಆಟಕ್ಕೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ ಮದುವಣಗಿತ್ತಿಯನ್ನೂ ಬೀಗರನ್ನೂ, ಗಂಡಿನ ಅಜ್ಜಿಯನ್ನೂ ಕೂರಿಸಿದರು. ಆಮೇಲೆ ಕ್ಯಾಬಿನ್ನಿಗೆ ಬಂದು ಅಪ್ಪನಿಗೆ ಹೇಳಿದರು. “ಹೋದ ವಾರದ ಹಂಗೆ ಇವತ್ತೇನಾರ ಆಟ ನಿಂತ್ರೆ, ನಾಳೆಯಿಂದ ನೀನೂ ಬರ್ಬ್ಯಾಡ, ಮನೆನೂ ಖಾಲಿ ಮಾಡು.” ಹೋದ ವಾರ ಆಟ ನಿಂತು ಜನ ತೆರೆಗೆ ಕಲ್ಲು ತೂರಿದ್ದರು. ಅಪ್ಪ ತಲೆಯಾಡಿಸಿದರು. ಗೌರತ್ತೆ ಅಲ್ಲೇ ಮೂಲೆಯಲ್ಲಿದ್ದಳು. ಮದುವಣಗಿತ್ತಿಯ ಕಣ್ಣಿಗೆ ಬೀಳಬಾರದೆಂದು ಅವಳನ್ನು ಕ್ಯಾಬಿನ್ನಿನೊಳಗೆ, ಗೋಡೆಯ ಚೌಕ ಕಿಂಡಿಯ ಹತ್ತಿರ ನಿಲ್ಲಿಸಿದ್ದರು. ಅವಳ ಮೊಣಕೈ ಕೆಳಗೆ ನಾನು ತಲೆ ತೂರಿಸಿಕೊಂಡು ನೋಡುತ್ತಿದ್ದೆ.

ತೆರೆಯ ಮೇಲೆ ಮಗಳಿಗೆ ತಾಯಿ ಮಡಿಲು ತುಂಬುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಸದ್ದು ಹೋಯಿತು. ಬಲ್ಬು ಸುಟ್ಟಿತ್ತು. ಅಪ್ಪನ ಮುಖ ಆಗ ಹೇಗಾಯಿತೆಂಬುದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. “ಓಡೇ, ರಾಗಿ ಡಬ್ಬ!” ಎಂದರು. ಅವರು ತಾವೇ ಓಡುವಂತಿರಲಿಲ್ಲ. ಮೆಷೀನಿನ ದೀಪದ ಕಾರ್ಬನ್ ಕಡ್ಡಿಗಳನ್ನು ನಿಮಿಷಕ್ಕೊಮ್ಮೆ ಹತ್ತಿರ ಸರಿಸದಿದ್ದರೆ ತೆರೆಯೂ ಕತ್ತಲಾಗುತ್ತದೆ. ಕೆಳಗೆ ಆಗಲೇ ಒಬ್ಬ ಶಿಳ್ಳೆ ಹಾಕಿದ. ಇನ್ನೊಬ್ಬ “ಲೇ ಆಪರೇಟ್ರೇ, ನಿದ್ದೆ ಹೊಡೀತಿದೀಯಾ?” ಎಂದು ಕೂಗಿದ. ನಾನು ಬಾಗಿಲಿಗೆ ತಲುಪುವಷ್ಟರಲ್ಲಿ ಅಪ್ಪ ಜಾಹೀರಾತು ಹೇಳುವ ಮೈಕನ್ನು ಎಳೆದು ಗೌರತ್ತೆಯ ಮುಂದೆ ಹಿಡಿದಿದ್ದರು.

“ಹಾಡೇ ಗೌರಾ.”

“ಬ್ಯಾಡ ಅಣ್ಣಯ್ಯ. ಮದುಮಗಳು ಕೂತವಳೆ ಹೊರಗೆ. ನನ್ನ ಬಾಯಲ್ಲಿ ಆ ಹಾಡು...”

“ಕಾಲಿಗೆ ಬೀಳ್ತೀನಿ ಕಣೇ. ಹಾಡು.”

ನಾನು ಓಡಿದೆ. ಬಯಲಿನಲ್ಲಿ ಮೊಬ್ಬು ಕವಿದಿತ್ತು. ಮುಳ್ಳು ಚುಚ್ಚಿದ್ದೂ ತಿಳಿಯಲಿಲ್ಲ. ಹಿಂದೆ ಟೆಂಟಿನ ಗದ್ದಲ ಏರುತ್ತಲೇ ಇತ್ತು. ಮನೆಗೆ ನುಗ್ಗಿ, “ಏನಾಯ್ತೇ?” ಎಂದ ಅಮ್ಮನಿಗೆ ಉತ್ತರ ಕೊಡದೆ ಡಬ್ಬದ ಮುಚ್ಚಳ ಎಸೆದು ಕೈ ಹಾಕಿದೆ. ಬಲ್ಬು ಸಿಗಲಿಲ್ಲ. ಹೆದರಿಕೆಗೆ ಅಳು ಬಂತು. ಒಂದು ಕಡೆ ಕೆದಕಿದೆ, ಇನ್ನೊಂದು ಕಡೆ ಕೆದಕಿದೆ. ಆಗ ಇದ್ದಕ್ಕಿದ್ದಂತೆ ಗದ್ದಲ ನಿಂತಿತು. ಆ ಮೌನದೊಳಗಿಂದ, ಬಯಲು ದಾಟಿಕೊಂಡು, ಬೆಳಗಿನ ಜಾವದ ಆ ದನಿ ಬಂತು. ಬೀಸುವ ಕಲ್ಲಿಲ್ಲದೆ ಅದನ್ನು ನಾನು ಕೇಳಿದ್ದು ಅದೇ ಮೊದಲು.

“ಹೊಸ್ತಿಲು ದಾಟಿದ ಮಗಳೆ ಹಿಂದಕ್ಕೆ ನೋಡಬ್ಯಾಡ, ನೀ ಹಚ್ಚಿದ ದೀಪ ನಾ ಕಾಯುವೆ...”

ಅಮ್ಮ ಎದೆ ಮೇಲೆ ಕೈಯಿಟ್ಟುಕೊಂಡು “ಅಯ್ಯೋ ಶಿವನೇ, ಗೌರ!” ಎಂದಳು. ನನ್ನ ಬೆರಳಿಗೆ ಹತ್ತಿ ಸಿಕ್ಕಿತು.

ನಾನು ವಾಪಸು ಬಂದಾಗಲೂ ಹಾಡು ನಡೆಯುತ್ತಿತ್ತು. ಗೌರತ್ತೆ ಕಿಂಡಿಗೆ ಹಣೆಯೊತ್ತಿ, ತೆರೆಯನ್ನೇ ನೋಡುತ್ತಾ ಹಾಡುತ್ತಿದ್ದಳು. ಇದನ್ನು ನೀವು ಗಮನಿಸಬೇಕು. ಸಿನಿಮಾದವರ ಹಾಡು ಮೊದಲೇ ಅಳತೆ ಮಾಡಿ ಹೊಲಿದ ಅಂಗಿ. ಗೌರತ್ತೆ ಹಾಗಲ್ಲ, ಗಾಡಿಯ ಚಕ್ರ ಉರುಳಿದಂತೆ ಸಾಲನ್ನು ಎಳೆದಳು, ಎತ್ತು ತಡೆದು ನಿಂತಲ್ಲಿ ಅವಳೂ ತಡೆದಳು. ತಾಯಿಯ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಾಗ ಬಾಯಿ ಮುಚ್ಚಿ ಸುಮ್ಮನಾದಳು. ಎರಡು ಉಸಿರಿನಷ್ಟು ಹೊತ್ತು ಮೆಷೀನಿನ ಟಕಟಕ ಬಿಟ್ಟರೆ ಸದ್ದಿಲ್ಲ. ಆ ಸುಮ್ಮನಾದ ಜಾಗದಲ್ಲೇ ಟೆಂಟಿನ ಹೆಂಗಸರು ಬಿಕ್ಕಿದ್ದು. ನಾಲ್ಕು ದಿನದಿಂದ ಅದೇ ಸೀನನ್ನು ಪಿಟೀಲು, ಕೊಳಲುಗಳ ಜೊತೆ ನೋಡಿದ್ದೆ. ತೆರೆಯ ಮೇಲಿನ ಆ ತಾಯಿ ನಟನೆ ಮಾಡುತ್ತಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು. ಆವತ್ತು ಗೊತ್ತಾಗಲಿಲ್ಲ. ಮುಖಕ್ಕೆ ಬಳಿದ ಬಣ್ಣದ ಕೆಳಗಿಂದ ಯಾರೋ ನಿಜವಾದ ಹೆಂಗಸು ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ನಾನು ಅಪ್ಪನಿಗೆ ಬಲ್ಬು ಕೊಟ್ಟೆ. ಮೆಷೀನು ನಿಲ್ಲಿಸದೆಯೇ ಅದನ್ನು ಹಾಕಬಹುದಿತ್ತು. ಅವರು ಹಾಕಲಿಲ್ಲ. ಹತ್ತಿಯ ಸುತ್ತನ್ನೂ ಬಿಚ್ಚದೆ ಮುಷ್ಟಿಯಲ್ಲಿ ಹಿಡಿದುಕೊಂಡು, ಗಾಡಿ ತಿರುವು ದಾಟುವ ತನಕ ತಂಗಿಯ ಬೆನ್ನನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಕಣ್ಣೊರೆಸಿಕೊಂಡು ಕೆಲಸಕ್ಕೆ ಕೈ ಹಚ್ಚಿದರು.

ಆಟ ನಿಲ್ಲಲಿಲ್ಲ. ಕೆಲಸ ಉಳಿಯಿತು, ಸೂರು ಉಳಿಯಿತು. ಬಿಡುವಿನಲ್ಲಿ ಕಡೂರಿನ ಯಾವನೋ ಒಬ್ಬ, “ನಮ್ಮೂರಲ್ಲಿ ಈ ಹಾಡು ಇರ್ಲಿಲ್ಲ ಕಣ್ರೋ” ಎಂದದ್ದಕ್ಕೆ ಅಕ್ಕಪಕ್ಕದವರು “ನಿಮ್ಮೂರಲ್ಲಿ ಕತ್ರಿ ಹಾಕವ್ರೆ, ಸುಮ್ಕೆ ಕೂತ್ಕೊಳೋ” ಎಂದು ಅವನ ಬಾಯಿ ಮುಚ್ಚಿಸಿದರು. ಅದು ಸಿನಿಮಾದ್ದೇ ಹಾಡೆಂದು ಎಲ್ಲರೂ ನಂಬಿದರು, ಎರಡನೇ ಸಲ ಬಂದವರೂ ಹೊಸ ರೀಲು ಬಂದಿರಬೇಕು ಎಂದುಕೊಂಡರು. ಮಾಲೀಕರು ಬಂದು ಅಪ್ಪನ ಬೆನ್ನು ತಟ್ಟಿದರು. ಗೌರತ್ತೆ ಮೂಲೆಯಲ್ಲಿ ಕೂತು ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇತ್ತು. ಅದರ ಹಿಂದೆ ಇನ್ನೊಂದು ಇತ್ತು, ಖುಷಿ. ಬೇರೇನೆಂದು ಹೇಳಲಿ?

ತಿಂಗಳೊಳಗೆ ಮದುವೆ ಆಯಿತು. ಚಪ್ಪರದಲ್ಲಿ ಗ್ರಾಮಾಫೋನು, ಸ್ಪೀಕರು ಎಲ್ಲ ಅಪ್ಪನ ಉಸ್ತುವಾರಿ. ಹೆಣ್ಣು ಒಪ್ಪಿಸುವ ಹೊತ್ತಿಗೆ ಗಂಡಿನ ಅಜ್ಜಿ, “ಆವತ್ತು ಪಿಚ್ಚರಲ್ಲಿ ಬಂತಲ್ಲ, ಆ ಪದ ಹಾಕಪ್ಪ” ಎಂದರು. ಅಪ್ಪ ಬೀರೂರಿನಿಂದ ತರಿಸಿದ್ದ ಆ ಸಿನಿಮಾದ ರೆಕಾರ್ಡು ಹಾಕಿದರು. ಪಿಟೀಲು ಶುರುವಾದದ್ದೇ ಅಜ್ಜಿ ಕೈಯಾಡಿಸಿದರು. “ಇದಲ್ಲ ಕಣಪ್ಪ. ಇದು ಯಾವ್ದೋ ಬ್ಯಾಂಡು. ಅದ್ರಲ್ಲಿ ಒಬ್ಳೇ ಹೆಂಗ್ಸು ಹಾಡಿದ್ಲು. ನನ್ನ ತಾಯಿ ನನ್ನ ಕಳಿಸಿದ್ದು ಕಣ್ಮುಂದೆ ಬಂದ್ಬಿಡ್ತು.” ಅಪ್ಪ ರೆಕಾರ್ಡಿನ ಮೇಲೆ ಬಗ್ಗಿ ಮುಳ್ಳು ಸರಿಮಾಡುವವರಂತೆ ಮುಖ ತಗ್ಗಿಸಿದರು. ಆಗ ಅಜ್ಜಿಯ ಕಣ್ಣು, ಪಕ್ಕದಲ್ಲಿ ಕುಂಕುಮದ ತಟ್ಟೆ ಹಿಡಿದು ನಿಂತಿದ್ದ ನನ್ನ ಮೇಲೆ ಬಿತ್ತು.

“ನೀನು ಆಪರೇಟ್ರ ಮಗಳಲ್ವೇನೇ? ನೀನಾರ ಹೇಳು ತಾಯಿ. ಯಾರೇ ಹಾಡಿದ್ದು?”

ಹಿತ್ತಲ ಬಾಗಿಲಲ್ಲಿ ಗೌರತ್ತೆ ನಿಂತಿದ್ದಳು, ಕೈಯಲ್ಲಿ ತೊಳೆದ ಬಾಳೆಲೆಗಳ ಕಟ್ಟು, ನೀರು ತೊಟ್ಟಿಕ್ಕುತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಹೇಳಬೇಡ ಎನ್ನುತ್ತಿದ್ದಳೋ, ಹೇಳು ಎನ್ನುತ್ತಿದ್ದಳೋ? ಎಷ್ಟು ವರ್ಷ ಯೋಚಿಸಿದರೂ ನನಗೆ ಇದು ಬಗೆಹರಿದಿಲ್ಲ. ಮದುವೆ ಮನೆಯ ಮಧ್ಯೆ, ಗಂಡ ಸತ್ತವಳು ನಿಮ್ಮ ಹುಡುಗಿಯ ಮುಂದೆ ಹೆಣ್ಣು ಒಪ್ಪಿಸುವ ಹಾಡು ಹೇಳಿದಳು ಎಂದಿದ್ದರೆ ಏನಾಗುತ್ತಿತ್ತೆಂದು ಹತ್ತು ವರ್ಷದ ನನಗೂ ಗೊತ್ತಿತ್ತು. ನಾಲಿಗೆ ತುದಿಗೆ ಹೆಸರು ಬಂದಿತ್ತು.

“ಗೊತ್ತಿಲ್ಲ ಅಜ್ಜಿ” ಎಂದೆ.

ಗೌರತ್ತೆ ಎಲೆಯ ಕಟ್ಟನ್ನು ಹೊಸ್ತಿಲ ಮೇಲಿಟ್ಟು ಹಿತ್ತಲಿಗೆ ತಿರುಗಿದಳು. ಸಂಜೆ ಮನೆಗೆ ಬರುವಾಗ ನನ್ನ ತಲೆ ಸವರಿ, “ಒಳ್ಳೇದೇ ಮಾಡ್ದೆ ಬಿಡೇ. ಹೇಳಿದ್ರೆ ನಿಮ್ಮಪ್ಪನ ಕೆಲ್ಸ ಹೋಗೋದು” ಎಂದಳು. ಮಾತಿನಲ್ಲಿ ಕಹಿ ಇರಲಿಲ್ಲ. ಆದರೆ ಮಾರನೆಯ ಬೆಳಗಿನ ಜಾವ ಕಂಬಳಿಯೊಳಗೆ ಕಣ್ಣು ಮುಚ್ಚಿಕೊಂಡು ಕಾದೆ, ಬರೀ ಬೀಸುವ ಕಲ್ಲಿನ ಸದ್ದು ಬಂತು. ಅದರ ಮಾರನೆಯ ದಿನವೂ ಅಷ್ಟೆ. ಅವಳು ಮತ್ತೆ ಹಾಡಲಿಲ್ಲ. ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಊರಿಗೆ ವಿಡಿಯೋ ಬಂತು, ಟೆಂಟಿನ ಕಂಬ ಕಿತ್ತರು, ಮನೆ ಇದ್ದಲ್ಲಿ ಗೊಬ್ಬರದ ಗೋದಾಮು ಎದ್ದಿತು. ಅಪ್ಪ ಹೋದರು, ಅಮ್ಮ ಹೋದಳು. ಗೌರತ್ತೆ ಕೊನೆಯ ಆರು ತಿಂಗಳು ಕಡೂರಿನ ನನ್ನ ಮನೆಯಲ್ಲಿದ್ದಳು. ಒಂದು ದಿನ ಧೈರ್ಯ ಮಾಡಿ, “ಅತ್ತೆ, ಆ ಹಾಡು ಒಂದ್ಸಲ ಹೇಳು” ಎಂದೆ. “ಯಾವ ಹಾಡೇ?” ಎಂದಳು. ಮರೆತಿದ್ದಳೋ, ಮದುವೆ ಮನೆಯಲ್ಲಿ ನಾನಂದ ‘ಗೊತ್ತಿಲ್ಲ’ವನ್ನೇ ನನಗೆ ತಿರುಗಿಸಿ ಕೊಟ್ಟಳೋ ನಾನು ಕೇಳಲಿಲ್ಲ.

ಮೊನ್ನೆ ಮಧ್ಯಾಹ್ನ ಟಿವಿಯಲ್ಲಿ ಆ ಸಿನಿಮಾ ಬಂತು. ರಾಗಿ ಕೇರುತ್ತಾ ಕೂತಿದ್ದೆ, ಮಗಳೂ ಮೊಮ್ಮಗಳೂ ಪಕ್ಕದಲ್ಲಿದ್ದರು. ತಾಯಿ ಮಡಿಲು ತುಂಬಿದಳು, ಪಿಟೀಲು ಶುರುವಾಯಿತು. ನಾನು ರಿಮೋಟು ತೆಗೆದುಕೊಂಡು ಸದ್ದು ಪೂರ್ತಿ ನಿಲ್ಲಿಸಿದೆ. “ಅಮ್ಮಾ, ಹಾಡು ಬರ್ತಿದೆ!” ಎಂದಳು ಮಗಳು. ಗಾಡಿ ಹೊರಟಿತು, ಎತ್ತು ತಡೆದು ನಿಂತಿತು, ತಾಯಿಯ ಕೈ ಚೌಕಟ್ಟನ್ನು ಹಿಡಿಯಿತು. ಎಲ್ಲಿ ಎಳೆಯಬೇಕು, ಎಲ್ಲಿ ಸುಮ್ಮನಾಗಬೇಕು ಎಲ್ಲ ನನಗೆ ಗೊತ್ತಿತ್ತು, ಆ ದನಿ ಮಾತ್ರ ನನ್ನದಲ್ಲ. ಗಾಡಿ ತಿರುವು ದಾಟಿದ ಮೇಲೆ, ಯಾರೂ ಕೇಳದಿದ್ದರೂ, ಆ ಅಜ್ಜಿಗೆ ಹೇಳಬೇಕಿದ್ದ ಮಾತನ್ನು ಜೋರಾಗಿಯೇ ಹೇಳಿದೆ.

“ಅದನ್ನ ಹಾಡಿದ್ದು ನಮ್ಮ ಗೌರತ್ತೆ.”

ಮೊಮ್ಮಗಳು ತಿರುಗಿ ನೋಡಿದಳು. “ಯಾರಜ್ಜಿ ಗೌರತ್ತೆ?” ಎಂದಳು.