ಧ್ವನಿ ಸರಿ ಬರುತ್ತಿತ್ತು

ನನ್ನ ತಂಗಿಗೆ ಕಿವಿ ಕೇಳುವುದಿಲ್ಲ. ಎರಡು ವರ್ಷದವಳಿದ್ದಾಗ ಬಂದ ಜ್ವರ ಅವಳ ಕಿವಿಯನ್ನು ತೆಗೆದುಕೊಂಡು ಹೋಯಿತು, ಅದರ ಹಿಂದೆ ಬಾಯಿಮಾತೂ ಹೋಯಿತು. ಆದರೆ ಅವಳ ಕೈಗಳು ಮಾತಾಡಿದಷ್ಟು ನಮ್ಮ ಮನೆಯಲ್ಲಿ ಯಾರ ಬಾಯಿಯೂ ಮಾತಾಡಿಲ್ಲ, ನನ್ನದೊಂದನ್ನು ಬಿಟ್ಟು. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ನಾನು ಬರೆಯಹೊರಟಿರುವುದು ಒಂದು ಹಳೆಯ ಕಂಪ್ಯೂಟರಿನ ವಿಷಯ, ಅದರಲ್ಲಿ ವಿಡಿಯೋ ನಿಂತು ನಿಂತು ಬರುತ್ತಿದ್ದ ವಿಷಯ. ಅಷ್ಟಕ್ಕೆ ಇಷ್ಟು ಹಾಡಿಕೊಂಡು ಅಳುವುದೇನಿದೆ ಎಂದು ನನ್ನನ್ನು ಕೇಳಿದವರು ಬಹಳ ಮಂದಿ. ಅವರಿಗೆಲ್ಲ ಕಿವಿ ನೆಟ್ಟಗಿದ್ದವು.

ತಂಗಿಯನ್ನು ಇಳಕಲ್ಲಿಗೆ ಕೊಟ್ಟಿದ್ದೆವು. ಗಂಡ ಒಳ್ಳೆಯವನು, ಅವಳಿಗಾಗಿ ಕೈಸನ್ನೆ ಕಲಿತುಕೊಂಡಿದ್ದ. ಮಗಳು ಹುಟ್ಟಿದಳು. ಕೂಸಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು, ಆದರೂ ಬಾಯಿಮಾತಿಗಿಂತ ಮೊದಲು ಕೈಮಾತು ಕಲಿಯಿತು. ಹಸಿವಾದರೆ ಅಳುತ್ತಿರಲಿಲ್ಲ, ತಾಯಿಯ ಎದುರಿಗೆ ಬಂದು ನಿಂತು ಬೆರಳು ಕೂಡಿಸಿ ತುಟಿಗೆ ಮುಟ್ಟಿಸಿ ತೋರಿಸುತ್ತಿತ್ತು. ಅತ್ತರೆ ತಾಯಿಗೆ ಕೇಳುವುದಿಲ್ಲ ಎಂದು ಅಷ್ಟು ಸಣ್ಣದಕ್ಕೆ ಯಾರು ಹೇಳಿಕೊಟ್ಟರೋ ಶಿವನೇ ಬಲ್ಲ. ತಾಯಿ ಮಗಳು ಕೂತು ಕೈ ಆಡಿಸತೊಡಗಿದರೆ ನಮಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಇಬ್ಬರೇ ನಗುತ್ತಿದ್ದರು, ನಾವು ಮುಖ ಮುಖ ನೋಡುತ್ತಿದ್ದೆವು.

ಕೂಸಿಗೆ ಮೂರು ತುಂಬಿದ ವರ್ಷ ಅದರ ಅಪ್ಪ ಹುನಗುಂದದ ಹತ್ತಿರ ಲಾರಿಗೆ ಸಿಕ್ಕು ತೀರಿಕೊಂಡ. ಕಾರ್ಯವೆಲ್ಲ ಮುಗಿದ ಮೇಲೆ ಅಮೀನಗಡದಲ್ಲಿ, ಎರಡೂ ಕಡೆಯವರಿಗೆ ಬೇಕಾದ ಒಬ್ಬರ ಮನೆಯಲ್ಲಿ, ಹಿರಿಯರು ಕೂತರು. ಜಗಳವಾಗಲಿಲ್ಲ. ಆಗಿದ್ದರೆ ನಾನು ಗೆಲ್ಲುತ್ತಿದ್ದೆ. ತಾಟಿನಲ್ಲಿ ಕರದಂಟು ಇಟ್ಟು, ಚಹಾ ಕುಡಿಸಿ, ಬೆಣ್ಣೆಯಲ್ಲಿನ ಕೂದಲು ತೆಗೆದ ಹಾಗೆ ಕೂಸನ್ನು ತೆಗೆದುಕೊಂಡರು. ತಂಗಿಯ ಅತ್ತೆ, ನಮ್ಮ ಬೀಗತಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೇಳಿದರು: "ಕೂಸು ಮಾತು ಕಲೀಬೇಕಂದ್ರ ಮಾತಾಡೋ ಮನ್ಯಾಗ ಇರಬೇಕ್ರಿ." ಎಲ್ಲರೂ ಹೌದೆಂದು ಗೋಣು ಹಾಕಿದರು. ತಂಗಿ ನಮ್ಮ ಮನೆಗೆ ಬರಲಿ, ಕೂಸು ಸಾಲಿಗೆ ಹೋಗುವ ತನಕ ಇಳಕಲ್ಲಿನಲ್ಲಿರಲಿ, ಆಮೇಲೆ ಅದನ್ನೇ ಕೇಳೋಣ, ಯಾರ ಹತ್ತಿರ ಇರುತ್ತೇನೆ ಅನ್ನುತ್ತದೋ ಅಲ್ಲಿಯೇ ಇರಲಿ ಎಂದು ತೀರ್ಮಾನವಾಯಿತು. ಇದನ್ನೆಲ್ಲ ಕೈಸನ್ನೆಯಲ್ಲಿ ತಂಗಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಅಳಲಿಲ್ಲ. ಕೈಯಲ್ಲೇ ನನ್ನನ್ನು ಒಂದು ಕೇಳಿದಳು: "ಅಲ್ಲೀ ತನಕಾ ಆಕಿಗೆ ನಾ ನೆನಪಿರ್ತೇನಿ?"

ಹೋಗಿ ನೋಡಿಕೊಂಡು ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋದೆವು. ನಾವು ತಿರುಗಿ ಬಸ್ಸು ಹತ್ತಿದ ಮೇಲೆ ಕೂಸು ಜ್ವರ ಬರುವ ತನಕ ಅತ್ತಿತಂತೆ, ಊಟ ಬಿಟ್ಟಿತಂತೆ. ಹೀಗಾದರೆ ಕೂಸಿಗೇ ತ್ರಾಸು, ಕೆಲವು ದಿನ ಬರಬೇಡಿರಿ, ಭಾನುವಾರ ಮುಂಜಾನೆ ಅರ್ಧ ತಾಸು ವಿಡಿಯೋದಲ್ಲಿ ಮಾತಾಡಿರಿ ಎಂದು ಬೀಗತಿ ಫೋನು ಮಾಡಿದರು. ಸುಳ್ಳು ಹೇಳಿದರೆಂದು ನಾನು ಅನ್ನುವುದಿಲ್ಲ. ಕೂಸು ಅತ್ತಿದ್ದೂ ಖರೆಯೇ ಇದ್ದೀತು.

ಅಂತೂ ಅರ್ಧ ತಾಸು ಸಿಕ್ಕಿತು. ನಾನು ನಮ್ಮೂರಿನ ವಿದ್ಯಾಗಿರಿ ಬಡಾವಣೆಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಅಲ್ಲಿ ತೆಗೆದುಹಾಕಿದ ಹಳೆಯ ಕಂಪ್ಯೂಟರೊಂದನ್ನು ಮನೆಗೆ ತಂದಿಟ್ಟಿದ್ದೆ, ಅದಕ್ಕೊಂದು ಕ್ಯಾಮೆರಾ ಹಾಕಿಸಿದೆ. ಮೊಬೈಲಿನಲ್ಲಿ ಮಾಡಿ ನೋಡಿದ್ದೆವು, ಆ ಪುಟ್ಟ ಪರದೆಯಲ್ಲಿ ಕೂಸಿನ ಬೆರಳು ಜೋಳದ ಕಾಳಿನಷ್ಟು ಕಾಣುತ್ತಿದ್ದವು. ಬೆರಳು ಕಾಣದಿದ್ದರೆ ತಂಗಿಗೆ ಮಾತು ಎಲ್ಲಿಯದು? ದೊಡ್ಡ ಪರದೆಯೇ ಬೇಕಿತ್ತು.

ಮೊದಲ ಭಾನುವಾರ ತಂಗಿ ತಲೆಗೆ ಎರೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಕೂತಳು. ನಮ್ಮವ್ವನಿಗೆ ಬೇರೆಯೇ ಚಿಂತೆ. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ತಂಗಿ ಸೀರೆಯ ಸೆರಗಿಗೆ ಕುಚ್ಚು ಹಾಕುವ ಕೆಲಸ ಹಿಡಿದಿದ್ದಳಾದ್ದರಿಂದ ಮಂದಿಯ ಸೀರೆಗಳ ಗಂಟು, ಅವ್ವನ ಮಂಚ, ಹಗ್ಗದ ಮೇಲಿನ ಬಟ್ಟೆ, ಎಲ್ಲ ಹಿಂದೆ ಕಾಣುತ್ತಿದ್ದವು. "ಇಂಥಾ ಮನಿಗೆ ಕೂಸು ಕಳಸ್ತಾರೇನು ಅವರು?" ಎಂದಳು ಅವ್ವ. ಕ್ಯಾಮೆರಾ ಹಾಕಲು ಬಂದ ಅಂಗಡಿಯವನು ಅದಕ್ಕೇನು ಎಂದು ಒಂದು ಗುಂಡಿ ಒತ್ತಿದ. ತಂಗಿಯ ಹಿಂದಿನದೆಲ್ಲ ಮಸುಕಾಯಿತು. ಗಂಟು ಇಲ್ಲ, ಮಂಚ ಇಲ್ಲ, ಹಗ್ಗ ಇಲ್ಲ. ನಮಗೆಲ್ಲ ಬಹಳ ಹಿಡಿಸಿತು. ಪರದೆ ಎಳೆದಷ್ಟೇ ಸುಲಭ ಅಂದುಕೊಂಡೆವು.

ಇಳಕಲ್ಲಿನ ಕಡೆಯಿಂದ ಕೂಸು ಕಾಣಿಸಿತು. ತಾಯಿಯನ್ನು ಕಂಡದ್ದೇ ಎರಡೂ ಕೈ ಎತ್ತಿತು. ಅಲ್ಲಿಗೆ ಚಿತ್ರ ನಿಂತಿತು. ಮತ್ತೆ ಹರಿದಾಗ ಕೈ ಕೆಳಗಿದ್ದವು. ನಡುವೆ ಏನು ಹೇಳಿತ್ತೋ ಹೋಯಿತು. ತಂಗಿ ಇನ್ನೊಮ್ಮೆ ಹೇಳೆಂದು ಸನ್ನೆ ಮಾಡಿದಳು, ಆ ಸನ್ನೆ ಆ ಕಡೆಗೆ ಹೇಗೆ ಮುಟ್ಟಿತೋ. ಕೂಸು ಮತ್ತೆ ಕೈ ಎತ್ತಿತು, ಚಿತ್ರ ಮತ್ತೆ ನಿಂತಿತು. ಆದರೆ ಧ್ವನಿಗೆ ಏನೂ ಆಗಿರಲಿಲ್ಲ. ಅಲ್ಲಿ ಕುಕ್ಕರು ಕೂಗಿದ್ದು, ಓಣಿಯಲ್ಲಿ ಯಾರೋ ಯಾರನ್ನೋ ಬೈದದ್ದು, ಎಲ್ಲ ಪಕ್ಕದ ಮನೆಯದರಷ್ಟು ಸ್ವಚ್ಛ. ಬೀಗತಿ ಆ ಕಡೆಯಿಂದ ಕೇಳಿದರು: "ಧ್ವನಿ ಸರಿ ಬರಾಕತ್ತೈತಲ್ರಿ?" ಅವ್ವ ಹೌದೆಂದಳು. ಧ್ವನಿ ಬಂದರೆ ಎಲ್ಲ ಬಂದ ಹಾಗೆ ಅವರಿಬ್ಬರಿಗೂ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾವು ಮೊದಲು ಇಂಟರ್ನೆಟ್ ಬದಲಿಸಿದೆವು. ಬೇರೆಯವರ ಕನೆಕ್ಷನ್ ಹಾಕಿಸಿ, ಹೊಸ ಪೆಟ್ಟಿಗೆ ಗೋಡೆಗೆ ಬಡಿಸಿ, ಭಾನುವಾರಕ್ಕೆ ಕಾದೆವು. ಅದೇ ಹಾಡು. ಅಂಗಡಿಯವನು ಬಂದು ಕಂಪ್ಯೂಟರು ಬಿಚ್ಚಿ ಹಿಡಿಗಟ್ಟಲೆ ದೂಳು ತೆಗೆದ, ಅದರ ಮಿದುಳಾದ ಪ್ರೊಸೆಸರಿನ ಮೇಲೆ ಒಣಗಿಹೋಗಿದ್ದ, ಕಾವು ತಗ್ಗಿಸುವ ಪೇಸ್ಟ್ ಕೆರೆದು ಹೊಸದು ಹಚ್ಚಿದ. ಅದೇ ಹಾಡು. ಮೆಮೊರಿ ಹಾಕಿದ, ಇದ್ದ ಸಾಫ್ಟ್‌ವೇರೆಲ್ಲ ಅಳಿಸಿ ಮತ್ತೆ ತುಂಬಿದ. ತುಂಬುವಾಗ ಅವ್ವ ಬಾಗಿಲಲ್ಲಿ ನಿಂತು, ಹಿಂದೆ ಮಸುಕು ಮಾಡುವುದನ್ನು ಮರೆಯಬೇಡಪ್ಪ ಎಂದು ನೆನಪಿಸಿದಳು. ಅವನು ಮರೆಯಲಿಲ್ಲ. ವಿಡಿಯೋ ಶುರುವಾದೊಡನೆ ಪ್ರೊಸೆಸರಿನ ಮೇಲಿನ ಹೊರೆ ತೋರಿಸುವ ಅಂಕಿ ಹೇಗೆ ಏರಿ ನೂರಕ್ಕೆ ನೂರಾಗುತ್ತದೆ ಎಂದು ನನಗೆ ತೋರಿಸಿಕೊಟ್ಟ, ಮಶೀನು ಮುದುಕಾಗಿದೆ ಎಂದು ಕೈ ತೊಳೆದುಕೊಂಡ. ಅವ್ವ ಬನಶಂಕರಿಗೆ ಹರಕೆ ಹೊತ್ತು ಚೊಳಚಗುಡ್ಡದ ಗುಡಿಗೆ ಹೋಗಿಬಂದಳು. ಕಾಯಿಪಲ್ಲೆಯ ನೈವೇದ್ಯ ಉಣ್ಣುವ ಆ ತಾಯಿಗೆ ಪ್ರೊಸೆಸರು ಏನು ಗೊತ್ತು ಎಂದು ನಾನು ಸಿಡುಕಿದೆ.

ನನ್ನನ್ನು ದಾರಿ ತಪ್ಪಿಸಿದ್ದು ಇನ್ನೊಂದು. ಅದೇ ಕಂಪ್ಯೂಟರಿನಲ್ಲಿ ಪ್ರವಚನವನ್ನೋ ಅಡುಗೆಯ ವಿಡಿಯೋವನ್ನೋ ಹಚ್ಚಿದರೆ ನೀರಿನ ಹಾಗೆ ಓಡುತ್ತಿತ್ತು. ನಮ್ಮ ಮಶೀನು ಸರಿ ಇದೆ, ಹಾಗಾದರೆ ಹುಳುಕು ಇಳಕಲ್ಲಿನ ಮೊಬೈಲಿನಲ್ಲೇ ಇರಬೇಕು ಎಂದು ನನ್ನ ತಲೆಗೆ ಹೊಕ್ಕಿತು. ತಲೆಗೆ ಹೊಕ್ಕಿದ್ದು ನನ್ನ ಬಾಯಿಗೆ ಬರಲು ಹೊತ್ತು ಬೇಕಿಲ್ಲ. ಬೀಗತಿಗೆ ಫೋನಿನಲ್ಲಿ ಅಂದೂಬಿಟ್ಟೆ. ನಾವು ಬೇಕಂತ ಕೆಟ್ಟ ಮೊಬೈಲು ಹಿಡಿಯುತ್ತೇವೇನು ಎಂದು ಅವರಿಗೆ ಸಿಟ್ಟು ಬಂದು ಮುಂದಿನ ಭಾನುವಾರಗಳು ಸುಮ್ಮನೆ ಹೋದವು. ತಂಗಿ ಆ ದಿನಗಳಲ್ಲೂ ತಲೆಗೆ ಎರೆದುಕೊಂಡು ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದಳು. ಏಳು ಎಂದರೆ ಏಳುತ್ತಿರಲಿಲ್ಲ.

ಕರೆ ಮತ್ತೆ ಶುರುವಾದಾಗ ಕೂಸು ಬದಲಾಗಿತ್ತು. ಕೈ ಎತ್ತಿ, ತಾಯಿಗೆ ತಿಳಿಯದಿದ್ದರೆ ಇನ್ನೊಮ್ಮೆ ಎತ್ತಿ, ಮೂರನೆಯ ಸಲಕ್ಕೆ ಬೇಸತ್ತು ಬಾಯಿಂದ ನನಗೆ ಹೇಳತೊಡಗಿತು. "ದೊಡ್ಡವ್ವಾ, ನಾ ಕೈಗೆ ಬಳಿ ತಗೊಂಡೇನಿ, ಅವ್ವಗ ಹೇಳು." ನಾನು ಹೇಳಿದೆ. ತಂಗಿ ಕೇಳಿದ್ದನ್ನು ಕೂಸಿಗೆ ಹೇಳಿದೆ. ಕೆಲಸ ಸಾಗಿತು. ಅಲ್ಲಿ ಬೀಗತಿಗೆ ಖುಷಿ, ಕೂಸು ಎಷ್ಟು ಚೆಂದ ಮಾತಾಡುತ್ತದೆ ನೋಡಿರಿ ಎಂದರು. ಖರೆ, ಬಹಳ ಚೆಂದ ಮಾತಾಡುತ್ತಿತ್ತು. ಕ್ರಮೇಣ ಅದು ಪರದೆಯಲ್ಲಿ ಮೊದಲು ಹುಡುಕುತ್ತಿದ್ದುದು ನನ್ನ ಮುಖವನ್ನು. ತಂಗಿ ನನ್ನ ಪಕ್ಕದಲ್ಲಿ ಕೂತು ಒಮ್ಮೆ ನನ್ನ ಬಾಯಿ, ಒಮ್ಮೆ ಪರದೆ ನೋಡುತ್ತಿದ್ದಳು. ಆದರೂ ನನಗೆ ಮಾತಾಡದೆ ಇರಲು ಆಗುತ್ತಿರಲಿಲ್ಲ. ಸುಮ್ಮನಿದ್ದರೆ ಕೂಸು ಎದ್ದು ಆಡಲು ಹೋಗಿಬಿಡುತ್ತಿತ್ತು.

ಕೊನೆಗೆ ಹುಳುಕು ಹಿಡಿದವಳು ತಂಗಿಯೇ. ಅವಳಿಗೆ ಕಂಪ್ಯೂಟರಿನ ಫ್ಯಾನು ಕೇಳುವುದಿಲ್ಲ, ಆದರೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರೆ ಅದರ ನಡುಕ ತಿಳಿಯುತ್ತಿತ್ತು. ಕುಚ್ಚಿನ ಕೆಲಸ ಮುಗಿದ ಮಧ್ಯಾಹ್ನಗಳಲ್ಲಿ, ಯಾರನ್ನೂ ಕರೆಯದೆ, ಬರೀ ತನ್ನ ಚಿತ್ರವನ್ನೇ ಪರದೆಯ ಮೇಲೆ ತಂದುಕೊಂಡು ಎಡಗೈ ಪೆಟ್ಟಿಗೆಯ ಮೇಲಿಟ್ಟು ಬಲಗೈಯಿಂದ ಒಂದೊಂದೇ ಗುಂಡಿ ಒತ್ತಿ ನೋಡುತ್ತಿದ್ದಳು. ಒಂದು ದಿನ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ನನ್ನ ಕೈ ಎಳೆದೊಯ್ದು ಪೆಟ್ಟಿಗೆಯ ಮೇಲೆ ಇಟ್ಟಳು. ಗಿರಣಿಯ ಹಾಗೆ ನಡುಗುತ್ತಿತ್ತು. ಮಸುಕು ಮಾಡುವ ಗುಂಡಿಯನ್ನು ಬಂದ್ ಮಾಡಿದಳು. ಅವಳ ಬೆನ್ನ ಹಿಂದೆ ಅವ್ವನ ಮಂಚ, ಸೀರೆಯ ಗಂಟು, ಹಗ್ಗ ಎಲ್ಲ ಬಂದು ನಿಂತವು. ಪೆಟ್ಟಿಗೆಯ ನಡುಕ ಕೈಕೆಳಗೇ ತಗ್ಗುತ್ತ ಬಂತು, ಪರದೆಯ ಮೇಲಿನ ಅಂಕಿ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಆ ಮಶೀನು ಅಷ್ಟು ದಿನ ಮಾಡುತ್ತಿದ್ದುದು ಇದನ್ನೇ. ತಂಗಿ ಯಾವುದು, ಮನೆ ಯಾವುದು ಎಂದು ಕ್ಷಣಕ್ಷಣಕ್ಕೂ ಬಿಡಿಸುತ್ತ ಕೂತು, ಎರಡೂ ಕಡೆಯ ಚಿತ್ರಕ್ಕೆ ಅದರಲ್ಲಿ ಶಕ್ತಿಯೇ ಉಳಿಯುತ್ತಿರಲಿಲ್ಲ. ಸಾಲದ್ದಕ್ಕೆ ಬೀಸಿ ಆಡಿಸಿದ ಕೈಯನ್ನೂ ಅದು ಮನೆಯ ಸಾಮಾನೆಂದು ತಿಳಿದು ಮಸುಕು ಮಾಡುತ್ತಿತ್ತು. ಇಳಕಲ್ಲಿನಲ್ಲಿ ಕೂಸು ನೋಡುತ್ತಿದ್ದ ತಾಯಿಗೆ ಮುಖ ಇತ್ತು, ಬೆರಳು ಇರಲಿಲ್ಲ.

ನಾನು ಅವ್ವನ ಮೇಲೆ ಹರಿಹಾಯ್ದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವ್ವ ಎದ್ದು ಒಂದು ಚಾದರ ತಂದು, ಹಗ್ಗದ ಮೇಲೆ ಹೊದಿಸಿ, ತುದಿಗಳಿಗೆ ಪಿನ್ನು ಚುಚ್ಚಿದಳು. ಮಂಚವೂ ಗಂಟೂ ಮರೆಯಾದವು. ಅಂಕಿ ಒಂದು ಕೂದಲೆಳೆಯಷ್ಟೂ ಏರಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು. ಒಂದು ಚಾದರದ ಕೆಲಸಕ್ಕೆ ನಾವು ಹೆಚ್ಚುಕಡಿಮೆ ಒಂದು ವರ್ಷ ಕಳೆದಿದ್ದೆವು.

ಕೂಸನ್ನು ಸಾಲಿಗೆ ಹಚ್ಚುವ ದಿನ ಅಷ್ಟೊತ್ತಿಗೆ ಹತ್ತಿರ ಬಂದಿತ್ತು. ಯಾರ ಹತ್ತಿರ ಇರುತ್ತೀ ಎಂದು ಅದನ್ನು ಕೇಳಲು ಹಿರಿಯರು ಮತ್ತೆ ಅಮೀನಗಡದಲ್ಲಿ ಕೂಡುವವರಿದ್ದರು. ಈಗಲಾದರೂ ಸರಿಯಾಯಿತಲ್ಲ, ಇನ್ನು ತಾಯಿ ಮಗಳು ಮಾತಾಡಿಕೊಂಡರೆ ಮುಗಿಯಿತು ಎಂದು ನಾನು ಆ ಭಾನುವಾರ ಬೇಕಂತಲೇ ಕ್ಯಾಮೆರಾದಿಂದ ದೂರ, ಬಾಗಿಲ ಹತ್ತಿರ ಕೂತೆ. ತಂಗಿ ಒಬ್ಬಳೇ ಚಾದರದ ಮುಂದೆ ಕೂತಳು.

ಕರೆ ಹತ್ತಿತು. ಕೂಸು ಎಷ್ಟು ಬೆಳೆದಿದೆ ಎಂಬುದು ಅವತ್ತೇ ನಮಗೆ ಕಂಡದ್ದು. ಎರಡು ಜಡೆ, ಮುಂದಿನ ಹಲ್ಲಿನಲ್ಲಿ ಸಣ್ಣ ಸಂದು, ಗಲ್ಲದ ಮೇಲೆ ಸೊಳ್ಳೆ ಕಚ್ಚಿದ ಗುರುತು. ತಂಗಿ ಪರದೆಯ ಹತ್ತಿರ ಸರಿದು ಕೂತಳು. ಆಮೇಲೆ ಕೈ ಎತ್ತಿದಳು. ಕೂಡಿಟ್ಟದ್ದನ್ನೆಲ್ಲ ಒಮ್ಮೆಲೇ ಹೇಳುವವಳ ಹಾಗೆ ಹೇಳತೊಡಗಿದಳು. ಇಲ್ಲಿ ನಿನಗೆ ಸಾಲಿ ನೋಡಿದ್ದೇನೆ, ದಿನಾ ನಾನೇ ಬಿಡಲು ಬರುತ್ತೇನೆ, ರಾತ್ರಿ ನನ್ನ ಪಕ್ಕದಲ್ಲಿ ಮಲಗು, ಬರುತ್ತೀಯಲ್ಲ? ಒಂದು ಬೆರಳೂ ಮಾಯವಾಗಲಿಲ್ಲ. ಎಲ್ಲ ಆ ಕಡೆಗೆ ಮುಟ್ಟಿತು.

ಕೂಸು ಪೂರಾ ನೋಡಿತು. ಬಾಯಿ ಸ್ವಲ್ಪ ತೆರೆದು, ಊರಿಗೆ ಬಂದ ಹೊಸಬರನ್ನು ನೋಡುವ ಹಾಗೆ ನೋಡಿತು. ಕೈ ತೊಡೆಯ ಮೇಲೇ ಇದ್ದವು. ಆಮೇಲೆ ಪರದೆಯಲ್ಲಿ ಆಚೀಚೆ ನನ್ನನ್ನು ಹುಡುಕಿ, ಕಾಣದೆ, ಗಟ್ಟಿಯಾಗಿ ಕೇಳಿತು: "ದೊಡ್ಡವ್ವಾ, ಅವ್ವ ಏನ ಹೇಳಾಕತ್ತಾಳ?"

ತಂಗಿಗೆ ಇದನ್ನು ಹೇಗೆ ಹೇಳಲಿ, ಏನೆಂದು ತಿರುಗಿಸಿ ಹೇಳಲಿ ಎಂದು ಹುಡುಕುತ್ತಿದ್ದೆ. ಹೇಳಬೇಕಾಗಲಿಲ್ಲ. ಅವಳು ಸಣ್ಣಂದಿನಿಂದ ತುಟಿ ಓದುವವಳು, ಆ ದಿನ ಚಿತ್ರ ತುಟಿ ಓದುವಷ್ಟು ಸ್ವಚ್ಛವಾಗಿತ್ತು.

ತಂಗಿ ನನ್ನ ಕಡೆಗೆ ತಿರುಗಿದಳು. ಮುಖದಲ್ಲಿ ಏನೂ ಇರಲಿಲ್ಲ. ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ನನಗೆ ಜಾಗ ಮಾಡಿದಳು, ಕೈಯಿಂದ ಹೇಳಿದಳು: "ಬಾ, ನೀ ಮಾತಾಡು."

ಉಳಿದ ಹೊತ್ತು ನಾನೇ ಮಾತಾಡಿದೆ. ಏನು ತಿಂದಿ, ಯಾರು ಜಡೆ ಹಾಕಿದರು, ಪಾಟಿಚೀಲ ಯಾವ ಬಣ್ಣದ್ದು ಎಂದು ಕೇಳಿದೆ. ಕೂಸು ಎಲ್ಲಕ್ಕೂ ಚೆಂದಾಗಿ ಉತ್ತರ ಕೊಟ್ಟಿತು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ.