ಶೇಂಗಾ ಹೊಟ್ಟಿನ ಗೋಡೆ

ನಾನು ಚಿಕ್ಕವಳಿದ್ದಾಗ ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮದು ತಗಡಿನ ಮನೆ. ಬೇಸಿಗೆಯ ಮಧ್ಯಾಹ್ನ ಗೋಡೆಗೆ ಬೆನ್ನು ತಾಗಿದರೆ ಕಾದ ಹಂಚಿಗೆ ತಾಗಿದಂತಾಗುತ್ತಿತ್ತು. ಎಣ್ಣೆ ಗಿರಣಿಯಲ್ಲಿ ದುಡಿಯುತ್ತಿದ್ದ ಅಪ್ಪ ಅದಕ್ಕೊಂದು ಉಪಾಯ ಹುಡುಕಿದರು.

ಗಿರಣಿಯವರು ಹೊರಗೆ ಸುರಿಯುತ್ತಿದ್ದ ಶೇಂಗಾ ಹೊಟ್ಟನ್ನು ಗೋಣಿಚೀಲಗಳಲ್ಲಿ ತುಂಬಿ, ತಗಡಿಗೆ ಒಳಗಿನಿಂದ ಒತ್ತಿ ಕಟ್ಟಿದರು. ಆದರೆ ಕೆಲವೇ ದಿನಗಳಲ್ಲಿ ಹೊಟ್ಟು ಚೀಲದ ತಳಕ್ಕಿಳಿದು, ಖಾಲಿಯಾದ ಮೇಲ್ಭಾಗದಿಂದ ಮತ್ತೆ ಝಳ ಬಡಿಯಿತು. ಆಗ ಅಕ್ಕ ದಬ್ಬಣ ಹಿಡಿದು, ಹೊದೆಯುವ ಕೌದಿಗೆ ಹಾಕುವಂತೆ ಚೀಲಗಳಿಗೆ ಸಾಲುಸಾಲಾಗಿ ಅಡ್ಡ ಹೊಲಿಗೆ ಹಾಕಿದಳು. ಹೊಟ್ಟು ಆಯಾ ಸಾಲಿನಲ್ಲೇ ನಿಂತಿತು. ಮೇಲೆ ತೆಳ್ಳಗೆ ಸುಣ್ಣ ಬಳಿದರು. ಮನೆ ನೀರಿನ ಗಡಿಗೆಯಂತೆ ತಂಪಾಯಿತು. ಇಂಥದ್ದನ್ನು ಉಷ್ಣನಿರೋಧಕ ಗೋಡೆ ಎನ್ನುವರೆಂದು ನಾನು ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು.

ಓಣಿಯವರಿಗೆ ಮಾತ್ರ ಅದು ನಗೆಯ ವಸ್ತು. "ಏನಬೇ, ನಿಮ್ಮಪ್ಪ ಮನಿಗಿ ಕೌದಿ ಹೊಚ್ಚ್ಯಾನಂತಲ್ಲ! ಮನಿಗಿ ಥಂಡಿ ಹತ್ತೇತೇನು?" ಎಂದು ಪಕ್ಕದ ಮನೆಯಾಕೆ ಕೇಳಿದಾಗಲೆಲ್ಲ ನಾನು ತಲೆ ತಗ್ಗಿಸಿ ಓಡುತ್ತಿದ್ದೆ.

ಅಷ್ಟರಲ್ಲಿ ಘೋಣಸಗಿ ಊರಿನ ಗಂಡಿನ ಕಡೆಯವರು ಅಕ್ಕನನ್ನು ನೋಡಲು ಬರುತ್ತೇವೆಂದು ಹೇಳಿಕಳುಹಿಸಿದರು. ಆ ಸಂಬಂಧ ಕೂಡಿಬರಲೆಂದು ಅಪ್ಪನಿಗೆ ಬಹಳ ಆಸೆ. ಹೊಟ್ಟು ಕಟ್ಟದೆ ಉಳಿದಿದ್ದ ಒಂದು ಮೂಲೆಯನ್ನೂ ಮುಗಿಸುವ ಅವಸರದಲ್ಲಿ ಅವರೊಂದು ತಪ್ಪು ಮಾಡಿದರು. ಅಕ್ಕ ಹೊಟ್ಟನ್ನು ಮೊರದಲ್ಲಿ ಕೇರಿ, ಉಳಿದ ಕಾಳು ತೆಗೆದೇ ತುಂಬುತ್ತಿದ್ದಳು. ಅಪ್ಪ ಕೇರದೆ ತುಂಬಿದರು.

ಬಂದವರಲ್ಲಿ ವರನ ತಾಯಿಯನ್ನು ಅಪ್ಪ ಅದೇ ಮೂಲೆಗೆ ಕರೆದರು. "ಬಿಸಲಾಗ ಬಂದೀರಿ, ಇಲ್ಲಿ ಆನ್ಕೊಂಡು ಕುಂದರ್ರಿ. ತಂಪ ಐತಿ."

ಆಕೆ ಆನಿಕೊಂಡ ಕೂಡಲೇ ಗೋಡೆಯೊಳಗೆ ಕಿಚಕಿಚ ಸದ್ದಾಯಿತು. ಕಾಳಿನ ಆಸೆಗೆ ಒಳಸೇರಿದ್ದ ಇಲಿಯೊಂದು ಹೊಲಿಗೆ ಬಿಚ್ಚಿಕೊಂಡು ಆಕೆಯ ಸೆರಗಿನ ಮೇಲೆ ಹಾರಿತು. ಹಿಂದೆಯೇ ಹೊಟ್ಟು ಸರಸರನೆ ಮಡಿಲಿಗೆ ಸುರಿಯಿತು.

"ಯವ್ವಾ! ಏನ್ರಿ ಇದು?"

"ಶೇಂಗಾ ಹೊಟ್ಟರಿ," ಎಂದರು ಅಪ್ಪ. ದನಿ ಕುಗ್ಗಿತ್ತು.

"ನಾವು ಇದನ್ನ ಒಲಿಗಿ ಹಾಕ್ತೀವಿ, ನೀವು ಗ್ವಾಡಿಗಿ ಹಾಕೀರಿ! ಮನಿ ಮಂದಿಗಿ ಕಟ್ಟೀರೋ, ಇಲಿಗಿ ಕಟ್ಟೀರೋ?"

ಬಂದವರೆಲ್ಲ ನಕ್ಕರು. ಅವಲಕ್ಕಿಯ ತಟ್ಟೆ ಹಿಡಿದು ನಿಂತಿದ್ದ ಅಕ್ಕ, "ತಂಪಂತೂ ಐತಲ್ರಿ?" ಎಂದಳು. ಅಪ್ಪ ಮೊಣಕಾಲೂರಿ ಆಕೆಯ ಕಾಲ ಬಳಿಯ ಹೊಟ್ಟನ್ನು ಎರಡೂ ಕೈಯಿಂದ ಬಳಿಯುತ್ತಿದ್ದರು. ಎಲ್ಲಿ ನೋಡಬೇಕೆಂದು ತಿಳಿಯದೆ ನಾನು ನೆಲ ನೋಡಿದೆ. ಅವಲಕ್ಕಿಯನ್ನು ಯಾರೂ ಮುಟ್ಟಲಿಲ್ಲ. ಆ ವಾರವೇ "ಬ್ಯಾಡ" ಎಂದು ಸುದ್ದಿ ಬಂತು.

ಅಪ್ಪ ಗೋಡೆಯನ್ನು ಕಿತ್ತುಹಾಕಲು ಹೊರಟರು. ಅಕ್ಕ ಅಡ್ಡ ನಿಂತಳು. "ಗ್ವಾಡಿ ಏನ್ ತಪ್ಪ ಮಾಡೇತಪ್ಪಾ? ಕೇರಲಾರದ ತುಂಬಿದಾಂವ ನೀ!" ಎಂದು ಅತ್ತ ಕಣ್ಣಲ್ಲೇ ನಕ್ಕು, ಹರಿದ ಚೀಲವನ್ನು ಮತ್ತೆ ಹೊಲಿದಳು. ಗೋಡೆ ಉಳಿಯಿತು.

ಮಕ್ಕಳೇ, ಮೊನ್ನೆ ನಮ್ಮ ಮನೆಯಲ್ಲಿ ನಿಮ್ಮ ಹೊಸ ಕೋಣೆಯ ಗೋಡೆಯೊಳಗೆ ಥರ್ಮಾಕೋಲ್ ಹಾಳೆ ಕೂರಿಸಿದರು. ಬಂದ ಗೆಳೆಯರ ಕೈ ಹಿಡಿದೆಳೆದು, "ಮುಟ್ಟಿ ನೋಡ್ರಲೇ, ಎಷ್ಟು ತಂಪೈತಿ!" ಎನ್ನುತ್ತೀರಿ. ನಮ್ಮ ಅಪ್ಪ ಆ ದಿನದ ನಂತರ ಯಾರೇ ಬರಲಿ, ಬಾಗಿಲ ಬಳಿಯ ಝಳದಲ್ಲಿ ಚಾಪೆ ಹಾಸುತ್ತಿದ್ದರು. ಬೆವರು ಒರೆಸಿಕೊಳ್ಳುತ್ತ ತಾವೂ ಅಲ್ಲೇ ಕೂರುತ್ತಿದ್ದರು. ಒಳಗೆ ತಂಪಿದೆ ಎಂದು ಮತ್ತೆಂದೂ ಯಾರನ್ನೂ ಕರೆಯಲಿಲ್ಲ.